ಗುಲಾಬಿ ಸತ್ರ ಕೈಗುಣ ಅನಬ್ಯಾಡ್ರಿ

ಹೋದ ವರ್ಷ ಕಾರ್ತೀಕದಾಗ ನಮ್ಮ ಬಳಗದಾಗ ಒಂದು ಕುಬಸ ಇತ್ತು. ನಿಮ್ಮೊಳಗ ಭಾಳ ಮಂದಿ ಬಂದಿದ್ರಿ. ಊಟಾ ಮುಗಿಸಿ, ಎಲಿ-ಅಡಿಕಿ ಹಾಕ್ಕೋತ ಎಂಟ-ಹತ್ತು ಹೆಣ್ಣಮಕ್ಕಳು ಪಡಸಾಲ್ಯಾಗ ಕೂತಿದ್ವಿ. ಬಸರಿ ಹುಡುಗಿಗೆ ತಲಿ ತುಂಬ ಗುಲಾಬಿ ಮುಡಿಸಿದ್ರು, ಅದನ್ನ ನೋಡಿ ಮಾತು ಗುಲಾಬಿ ಗಿಡದ ಕಡೆ ಹೊಳ್ಳಿತು. ನನ್ನ ಸೊಸಿ ತನ್ನ ಬೆಂಗಳೂರಿನ ಮನ್ಯಾಗ ಎಂಟು ಗುಲಾಬಿ ಹಚ್ಚಿದ್ದು, ಎಂಟೂ ಹಾಳಾಗಿದ್ದು ನಕ್ಕೋತನ ಹೇಳಿದ್ಲು. ಅಲ್ಲೆ ಕೂತಿದ್ದ ಒಬ್ಬರು, "ಕೆಲವ್ರ ಕೈಗುಣಾನ ಹಂಗಿರ್ತದವಾ, ಅವ್ರು ಮುಟ್ಟಿದ್ದು ನಿಲ್ಲೂದಿಲ್ಲ" ಅಂದುಬಿಟ್ರು. ಹೆಸರು ಬರಿಯೂದಿಲ್ಲ. ಓದಿದ್ರ ಅವ್ರಿಗೇ ಗೊತ್ತಾಗ್ತದ.

ಆ ವರ್ಷ ನಮ್ಮ ಸೊಸಿಗೆ ಬ್ಯಾರೆ ಒಂದು ದುಃಖಾನೂ ಆಗಿತ್ತು. ಅದನ್ನ ಇಲ್ಲೆ ಬಿಡಿಸಿ ಹೇಳೂದಿಲ್ಲ, ಗೊತ್ತಿದ್ದವ್ರಿಗೆ ಗೊತ್ತದ. ಇಷ್ಟ ಬರಿಲಿಕ್ಕೂ ಅಕೀನ್ನ ಕೇಳೇ ಬರದೇನಿ. ಅಕಿ "ನೀರು ಕುಡಿದು ಬರ್ತೀನಿ" ಅಂತ ಎದ್ದು ಒಳಗ ಹೋದ್ಲು. ಹೊರಗ ಬರ್ಲಿಕ್ಕೆ ಭಾಳ ಹೊತ್ತು ಹಿಡೀತು.

ನಾ ಅಲ್ಲೆ ಏನೂ ಅನ್ನಲಿಲ್ಲ. ಮಂದಿ ಮನಿ ಶುಭಕಾರ್ಯ, ಮಾತು ಯಾಕ ಬೆಳಸೂದು ಅಂತ ಸುಮ್ಮನಾದೆ. ಸುಮ್ಮನಾಗಲಿಕ್ಕೆ ಇನ್ನೊಂದು ಕಾರಣಾನೂ ಇತ್ತು. ಕೈಗುಣ ಅನ್ನೂ ಈ ಮಾತು ನಾನೂ ಇಪ್ಪತ್ತೈದು ವರ್ಷ ಆಡೇನಿ. ಯಾರರೆ ಬಂದು "ನೀ ಕೊಟ್ಟ ಕಡ್ಡಿ ನಮ್ಮಲ್ಲೆ ಹತ್ತಲಿಲ್ಲ" ಅಂದ್ರ, "ಗುಲಾಬಿಗೆ ಕೈಗುಣ ಬೇಕವಾ" ಅಂತ ದೊಡ್ಡಸ್ತನ ಮಾಡ್ತಿದ್ದೆ. ಕೇಳಿಸ್ಕೊಂಡವ್ರಿಗೆ ಏನನಸತಿತ್ತು ಅಂತ ಒಮ್ಮೆನೂ ವಿಚಾರ ಮಾಡಿದ್ದಿಲ್ಲ. ಅದಕ್ಕ ಇವತ್ತು ಈ ಮಾತಿನ ಮ್ಯಾಲೇನ ಬರೀಲಿಕತ್ತೀನಿ. ಹೂವಿನ ಬಗ್ಗೆ ಬರಿಯೂದೂ ಆಗ್ತದ, ನನ್ನ ತಪ್ಪು ಒಪ್ಪಿಕೊಂಡಂಗೂ ಆಗ್ತದ.

ನಮ್ಮ ಮನಿ ಮುಂದಿನ ಪನ್ನೀರ ಗುಲಾಬಿ ನೀವೆಲ್ಲಾ ನೋಡೀರಿ. ತಿಳಿ ಗುಲಾಬಿ ಬಣ್ಣದ್ದು, ಹೂವು ದೊಡ್ಡದೇನಲ್ಲ, ಆದ್ರ ಬಾಗಲಾ ತಗದ್ರ ಸಾಕು ವಾಸನಿ ದೇವರ ಮನಿ ಮಟಾ ಬರ್ತದ. ನಮ್ಮ ಅತ್ತಿಯವ್ರು ತಮ್ಮ ತವರಮನಿಯಿಂದ ಒದ್ದಿ ಅರಿವ್ಯಾಗ ಸುತ್ತಿಕೊಂಡು ತಂದ ಗೇಣುದ್ದದ ಕಡ್ಡಿ ಅದು. ನಾ ಸೊಸಿಯಾಗಿ ಬಂದಾಗ ನನ್ನ ಎದಿಮಟ ಬೆಳದಿತ್ತು. ಅಕ್ಕಿ ತೊಳದ ನೀರು, ಚಹಾದ ಚರಟಾ, ವರ್ಷಕ್ಕ ಎರಡು ಬುಟ್ಟಿ ಹೆಂಡಿ ಗೊಬ್ಬರ ಬಿಟ್ರ ಅದಕ್ಕ ನಾ ಏನೂ ಮಾಡಿದ್ದಿಲ್ಲ. ಬ್ಯಾಸಿಗ್ಯಾಗ ಹದಿನೈದು ದಿವಸ ಊರಿಗೆ ಹೋಗಿ ಬಂದ್ರೂ ಅದು ಹಂಗ ನಿಂತಿರ್ತಿತ್ತು. ಹೋದ ಬಂದವ್ರೆಲ್ಲಾ ನನ್ನ ಕೈಗುಣ ಹೊಗಳತಿದ್ರು, ನಾ ಹಿಗ್ಗತಿದ್ದೆ. ಆ ಹೆಸರು ನ್ಯಾಯವಾಗಿ ಗಿಡಕ್ಕ ಸಲ್ಲಬೇಕಾಗಿತ್ತು, ಇಲ್ಲಾಂದ್ರ ಅತ್ತಿಯವ್ರಿಗೆ.

ಅದು ನನಗ ತಿಳದಿದ್ದು ಕರೋನಾ ಬಂದ ಮುಂದಿನ ವರ್ಷ. ಮಗ ಒಂದು ಫೋನ್ ಕೊಡಿಸಿ ಯೂಟ್ಯೂಬ್ ನೋಡೂದು ಕಲಿಸಿ ಕೊಟ್ಟಿದ್ದ. ಮಧ್ಯಾಹ್ನ ಕೆಲಸ ಮುಗಿಸಿ ಕೂತ್ರ ಬರೇ ಗುಲಾಬಿದ್ದ ವಿಡಿಯೋ. ಅದರಾಗ ಪರದೇಶದ ಒಬ್ಬಾಕಿ ಭಾಳ ಶಿಸ್ತಿಲೆ ಹೇಳ್ತಿದ್ಲು. ಚಳಿಗಾಲ ಮುಗಿಯೂ ಹೊತ್ತಿಗೆ ಗಿಡಾನ ಮೊಣಕಾಲಿನಕಿಂತ ಕೆಳಗ ಕತ್ತರಿಸಬೇಕಂತ, ಎಲಿ ಒಂದೂ ಇಡಬಾರದಂತ. ಅಕಿ ಗಿಡಾ ನೋಡಿದ್ರ ಬೇಸಿಗಿ ಬಂದ ಮ್ಯಾಲೆ ಎಲಿ ಕಾಣದಂಗ ಹೂವು. ನಾನೂ ಫೆಬ್ರವರಿಯೊಳಗ ಎರಡು ಗಿಡಾ ಹಂಗ ಕತ್ತರಿಸಿದೆ. ಅವು ಪನ್ನೀರ ಅಲ್ಲ, ಪುಣ್ಯಾಕ್ಕ. ನಮ್ಮ ತಮ್ಮನ ಹೇಂತಿ ಕೊಟ್ಟಿದ್ದ ಎರಡು ಕಸಿ ಗಿಡಾ, ಒಂದು ಕೆಂಪು, ಒಂದು ಹಳದಿ. ಚಿಗುರು ಒಡದು ಎಳೀ ಎಲಿ ಬರೂದಕ್ಕೂ ಮಾರ್ಚಿನ ಬಿಸಲು ಬೀಳೂದಕ್ಕೂ ಸರಿ ಆತು. ಚಿಗುರು ಸುಟ್ಟು ಕರ್ರಗಾದ್ವು. ಟೊಂಗಿ ಮ್ಯಾಲಿಂದ ಕೆಳಗ ಒಣಗಿಕೋತ ಬಂದು ಯುಗಾದಿ ದಾಟೂದ್ರಾಗ ಎರಡೂ ಹೋದ್ವು.

ಅವತ್ತು ಯಾರೂ ನನ್ನ ಕೈಗುಣ ಕೆಟ್ಟಿತು ಅನ್ನಲಿಲ್ಲ. ಬಿಸಲು ಭಾಳ ಅಂದ್ರು, ಹುಳಾ ಬಿದ್ದಿರಬೇಕು ಅಂದ್ರು. ಹೆಸರು ಮಾಡಿದಾಕಿ ಕೈಯಾಗ ಗಿಡಾ ಸತ್ರ ಬಿಸಲಿಂದು ತಪ್ಪು, ಹೊಸಾಕಿ ಕೈಯಾಗ ಸತ್ರ ಅಕೀದ್ದ ತಪ್ಪು. ಇದು ಯಾವ ನ್ಯಾಯ ಹೇಳ್ರಿ?

ಆ ಎರಡು ಗಿಡಾ ಹೋದ ಮ್ಯಾಲೆ ನಾ ಸ್ವಲ್ಪ ಓದಲಿಕ್ಕೆ, ಕೇಳಲಿಕ್ಕೆ ಸುರು ಮಾಡಿದೆ. ಇಂಗ್ಲಿಷ್ ಇದ್ದಿದ್ದು ಮಗಳು ಓದಿ ಹೇಳಿದ್ಲು. ಅದರಾಗ ನನಗ ತಿಳದ ಮುಖ್ಯ ಮಾತು ಅಂದ್ರ, ಗುಲಾಬಿ ಬಗ್ಗೆ ಬರದ ಪುಸ್ತಕ, ತಗದ ವಿಡಿಯೋ ಬಹುತೇಕ ಬರ್ಫ ಬೀಳೂ ದೇಶದ್ದು. ಅಲ್ಲೆ ಚಳಿಗಾಲದಾಗ ಗಿಡಾ ಎಲಿ ಉದುರಿಸಿ ಮಲಗ್ತದ. ಮಲಗಿದ ಗಿಡಾ ಕತ್ತರಿಸಿದ್ರ ಅದಕ್ಕ ನೋವಿಲ್ಲ, ವಸಂತದಾಗ ಬೇರಿನಾಗ ಕೂಡಿಟ್ಟ ಶಕ್ತಿ ಹಾಕಿ ಎದ್ದ ಬರ್ತದ. ನಮ್ಮ ಧಾರವಾಡದ ಚಳಿ ಎಂಥಾದ್ದು? ಡಿಸೆಂಬರಿನಾಗ ರಾತ್ರಿ 14-15 ಡಿಗ್ರಿ, ಮಧ್ಯಾಹ್ನ 28-29. ಮುಂಜಾನೆ ಶಾಲು ಹೊತಗೊಂಡು ಹಾಲು ತರ್ಲಿಕ್ಕೆ ಹೋಗ್ತೀವಿ, ಹನ್ನೆರಡಕ್ಕ ಫ್ಯಾನ್ ಹಚ್ತೀವಿ. ಇಲ್ಲೆ ಗುಲಾಬಿ ಮಲಗೂದ ಇಲ್ಲ. ಅದಕ್ಕ ಇದ ಛಲೋ ಕಾಲ, ದುಡಿಯೂ ಕಾಲ. ಅವರ ಚಳಿಗಾಲ ಗಿಡದ ನಿದ್ದಿ, ನಮ್ಮ ಚಳಿಗಾಲ ಗಿಡದ ಸುಗ್ಗಿ. ನಮ್ಮಲ್ಲೆ ಅದು ಸುಸ್ತಾಗೂದು ಏಪ್ರಿಲ್-ಮೇದಾಗ.

ಕತ್ತರಿ ಹಾಕೂ ಹೊತ್ತು ಹಿಂಗಾಗಿ ಪೂರಾ ಬ್ಯಾರೆ. ನಮ್ಮ ಅತ್ತಿಯವ್ರು ಯಾವ ವಿಡಿಯೋನೂ ನೋಡಿದವ್ರಲ್ಲ. "ಬನ್ನಿ ಮುಡದು, ಶೀಗಿ ಹುಣ್ಣಿಮಿ ಮುಗಿದ ಮ್ಯಾಲೆ ಗುಲಾಬಿಗೆ ಕತ್ತರಿ" ಅಂತಿದ್ರು. ಅಂದ್ರ ಅಕ್ಟೋಬರ್ ನಡಕಿನಿಂದ. ಮಳಿ ಹಿಂದ ಸರದಿರ್ತದ, ಬಿಸಲು ಚುರುಕಿರೂದಿಲ್ಲ. ಕತ್ತರಿಸಿದ ಆರೇಳು ವಾರಕ್ಕ ಹೂವು ಬರ್ತದ. ಲೆಕ್ಕಾ ಹಾಕಿ ನೋಡ್ರಿ, ಛಟ್ಟಿ ಅಮಾಸಿ ಹೊತ್ತಿಗೆ ಮೊಗ್ಗು, ಎಳ್ಳ ಅಮಾಸಿಗೆ ಬುಟ್ಟಿ ತುಂಬ. ಅವರಿಗೆ ದಿವಸ ಎಣಸೂದು ಗೊತ್ತಿರಲಿಲ್ಲ ಅಂತ ನಾ ತಿಳದಿದ್ದೆ, ಅವ್ರು ಹಬ್ಬ ಎಣಸತಿದ್ರು. ಇನ್ನೊಂದು, ಅವ್ರು ಯಾವತ್ತೂ ಬೋಳಿಸ್ತಿರಲಿಲ್ಲ. ಒಣಗಿದ್ದು, ಸಣಕಲು ಟೊಂಗಿ, ಒಂದಕ್ಕೊಂದು ತಿಕ್ಕ್ಯಾಡೂ ಟೊಂಗಿ ತಗದು, ಉಳದಿದ್ದರಾಗ ಮೂರನೇ ಒಂದು ಪಾಲು ಮ್ಯಾಲಿಂದ ಕತ್ತರಿಸೂದು, ಅಷ್ಟ. ಮಲಗದ ಗಿಡಕ್ಕ ಎಲಿ ಅಂದ್ರ ಅಡಗಿಮನಿ ಇದ್ದಂಗ, ಅದನ್ನ ಪೂರಾ ಕೆಡವಿದ್ರ ಉಣ್ಣೂದೇನು?

ಆರಿಸೂ ವಿಷಯಕ್ಕ ಬರ್ತೀನಿ, ಯಾಕಂದ್ರ ಅರ್ಧಕ್ಕರ್ಧ ಗಿಡಾ ಸಾಯೂದು ಆರಿಸೂದ್ರಾಗ. ಯುರೋಪಿನ ಹಳೇ ಗುಲಾಬಿ ಕೆಲವಕ್ಕ ಗಟ್ಟಿ ಚಳಿ ಬಿದ್ರನ ಹೂವು. ನಮ್ಮಂಥಾ ಊರಾಗ ಅವಕ್ಕ ಎಷ್ಟು ಉಪಚಾರ ಮಾಡಿದ್ರೂ ಬರೇ ಎಲಿ. ವರ್ಷಪೂರ್ತಿ ಹೂ ಬಿಡೂ ಗುಣಾ ಗುಲಾಬಿಗೆ ಬಂದದ್ದು ಚೀನಾದ ಗಿಡದಿಂದ. 18ನೇ ಶತಮಾನದ ಕಡೀಗೆ ಆ ಚೀನಾ ಗುಲಾಬಿ ಹಡಗಿನಾಗ ಯುರೋಪಿಗೆ ಹೋದ್ವು, ಅದರಾಗ ಕೆಲವು ನಮ್ಮ ಕಲಕತ್ತಾದ ಮ್ಯಾಲೇ ಹಾದು ಹೋದ್ವಂತ. ಅವುಗಳ ರಕ್ತ ಇದ್ದ ಜಾತಿ ನಮ್ಮ ಹವಾಕ್ಕ ಹೊಂದತಾವ. ತಮಿಳನಾಡಿನಾಗ ಎಡ್ವರ್ಡ್ ಅಂತ ಮಾರೂ ಗುಲಾಬಿ ಅದಲ್ಲ, ಅದರ ಮೂಲ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ. ಅಲ್ಲಿ ಬೇಲ್ಯಾಗ ಚೀನಾ ಗುಲಾಬಿನೂ ಡಮಾಸ್ಕ ಗುಲಾಬಿನೂ ಕೂಡಿ ತಾನ ಹುಟ್ಟಿದ ಗಿಡಾ ಅದು. ಬಿಸಲಿನ ದ್ವೀಪದಾಗ ಹುಟ್ಟಿದ್ದಕ್ಕ ನಮ್ಮ ಬಿಸಲಿನ ಹೆದರಿಕಿ ಏನಿರ್ತದ? ರಾಜಸ್ಥಾನದ ಹಲ್ದಿಘಾಟಿ ಕಡೆ ಗುಲ್ಕಂದ, ಗುಲಾಬಿ ನೀರಿಗೆ ಬೆಳಿಯೂ ಡಮಾಸ್ಕಕ್ಕ ಚೈತ್ರಿ ಗುಲಾಬಿ ಅಂತಾರ, ಚೈತ್ರಮಾಸದಾಗ ವರ್ಷಕ್ಕೊಮ್ಮೆ ಹೂ ಬಿಡ್ತದ ಅಂತ. ಹೆಸರಿನಾಗ ಎಲ್ಲಾ ಹೇಳ್ಯಾರ. ದಿನಾ ದೇವರಿಗೆ ಹೂ ಬೇಕಾದಾಕಿ ಅದನ್ನ ತಂದು ಹಚ್ಚಿ ಹನ್ನೊಂದು ತಿಂಗಳ ದಾರಿ ಕಾದ್ರ ತಪ್ಪು ಯಾರದು?

ನಮ್ಮ ದೇಶದಾಗ ಈ ವಿಚಾರ ಮಾಡಿದ ದೊಡ್ಡವ್ರು ಇದ್ದಾರ. ಬಿ. ಪಿ. ಪಾಲ್ ಅಂತ ಗೋಧಿ ತಳಿ ತಗದ ವಿಜ್ಞಾನಿ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲನೇ ಮಹಾನಿರ್ದೇಶಕರು, ಅವ್ರಿಗೆ ಗುಲಾಬಿ ಹುಚ್ಚು. ಇಲ್ಲಿಯ ಹವಾಕ್ಕ ಅಂತನ ಹೊಸ ಗುಲಾಬಿ ತಗದ್ರು, ಪುಸ್ತಕಾನೂ ಬರದ್ರು. ಕೊಡೈಕನಾಲದಾಗ ವೀರರಾಘವನ್ ಮತ್ತ ಅವರ ಮನಿಯವ್ರು ಗಿರಿಜಾ ಅವ್ರು, ಮಣಿಪುರದ ಗುಡ್ಡದ ಕಾಡುಗುಲಾಬಿ, ಬಂಗಾಲದ ಕಡೆ ನೀರಿನ ದಂಡಿಗೆ ಬೆಳಿಯೂ ಕಾಡುಗುಲಾಬಿ ಕೂಡಿಸಿ ಬಿಸಲೂರಿಗೆ ತಾಳೂ ಗುಲಾಬಿ ಮಾಡ್ಯಾರ. ಅದರಾಗ ಒಂದಕ್ಕ ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಅವರ ಹೆಸರಿಟ್ಟಾರ. ಮಗಳು ಇದನ್ನ ಓದಿ ಹೇಳಿದ ದಿವಸ ನನಗ ಭಾಳ ಹಗುರ ಅನಿಸಿತು. ಇಷ್ಟು ಕಲತವ್ರು ಊರಿಗೆ ತಕ್ಕ ಗಿಡಾ ಹುಡುಕಲಿಕ್ಕೆ ಜೀವಮಾನ ಹಾಕಿದ್ರ, ನಾವು ಪ್ಯಾಟ್ಯಾಗ ಐದು ನಿಮಿಷದಾಗ ಚಿತ್ರ ನೋಡಿ ಆರಿಸಿ, ಅದು ಸತ್ರ ಕೈ ನೋಡ್ಕೋತ ಕೂಡ್ತೀವಿ.

ಈಗ ಬೆಂಗಳೂರಿನ ಕತಿ. ಕುಬಸ ಆಗಿ ಎರಡು ತಿಂಗಳಿಗೆ, ಸಂಕ್ರಮಣ ಮುಗಿಸಿಕೊಂಡು ನಾ ಮಗನ ಮನಿಗೆ ಹೋದೆ. ನಾಲ್ಕನೇ ಮಜಲಿ, ಪೂರ್ವಕ್ಕ ಬಾಲ್ಕನಿ. ಅಲ್ಲೆ ಎಂಟೂ ಕುಂಡಾ ಸಾಲಾಗಿ ಹಂಗ ಇದ್ವು. ಏಳರಾಗ ಒಣಗಿದ ಕಡ್ಡಿ, ಒಂದರಾಗ ಹಸರು. ಒಗದಿದ್ದಿಲ್ಲ ಅಕಿ. ನಾ ಏನೂ ಕೇಳಲಿಲ್ಲ. ಮರುದಿನ ಮಗ ಕೆಲಸಕ್ಕ ಹೋದ ಮ್ಯಾಲೆ, "ಬಾರವಾ, ಇವನ್ನೊಮ್ಮೆ ತಗದು ನೋಡೂಣು" ಅಂತ ಹಳೇ ಪೇಪರ್ ಹಾಸಿಕೊಂಡು ಇಬ್ರೂ ಕೂತ್ವಿ.

ಮೊದಲನೇ ಕುಂಡಾ ಬೋರಲ ಹಾಕಿ ಬಡದೆ. ಮಣ್ಣು ಉದುರಿತು, ನಡುವ ಒಂದು ಗಟ್ಟಿ ಉಂಡಿ ಉಳೀತು, ಬೇಸನ್ ಉಂಡಿ ಅಲ್ಲ, ಇಟ್ಟಂಗಿ ಇದ್ದಂಗ. ನರ್ಸರಿಯವ್ರು ದೂರದೂರಿಗೆ ಕಳಸೂ ಮುಂದ ಬೇರಿನ ಸುತ್ತ ಜಿಗುಟು ಮಣ್ಣು ಮೆತ್ತಿ ಉಂಡಿ ಮಾಡಿರ್ತಾರ. ಅದು ಒಮ್ಮೆ ಒಣಗಿತು ಅಂದ್ರ ಮ್ಯಾಲೆ ಹಾಕಿದ ನೀರು ಸುತ್ತಲಿನ ಸಡಲು ಮಣ್ಣಾಗ ಇಳದು ಕೆಳಗಿನ ತೂತಿನಾಗ ಹೋಗ್ತದ, ಉಂಡಿ ಒಳಗ ಹೋಗೂದಿಲ್ಲ. ನಾ ಸುತಗಿಲೆ ಒಡದೆ. ಒಳಗ ಪುಡಿ ಪುಡಿ, ಒಂದು ಹನಿ ಪಸಿ ಇಲ್ಲ, ಬೇರು ದಾರದಂಗ ಒಣಗಿದ್ವು.

ಅಕಿ ತುಮಕೂರ ಕಡೆಯಾಕಿ, ಅಕಿ ಮಾತು ಹಂಗ ಬರೀತೀನಿ. "ಅತ್ತೆ, ನಾನು ದಿನಾ ನೀರು ಹಾಕ್ತಿದ್ದೆ. ಒಂದಿನಾನೂ ಬಿಟ್ಟಿಲ್ಲ."

"ಹಾಕಿದಿ, ನನಗ ಗೊತ್ತದ. ಅದು ಬೇರಿಗೆ ಮುಟ್ಟೇ ಇಲ್ಲವಾ."

ಅಕಿ ಆ ಒಡದ ಉಂಡಿ ಕೈಯಾಗ ಹಿಡಕೊಂಡು ಸುಮ್ಮನ ಕೂತ್ಲು. ನಾ ಇನ್ನೊಂದು ಕುಂಡಾ ಎಳಕೊಂಡೆ.

ಒಂದೊಂದಾಗಿ ಎಂಟೂ ನೋಡಿದ್ವಿ. ನಾಲ್ಕರಾಗ ಅದ ಉಂಡಿ. ಎರಡರಾಗ ಕಸಿ ಕಟ್ಟಿದ ಗಂಟು ಮಣ್ಣಾಗ ನಾಲ್ಕು ಬಟ್ಟು ಕೆಳಗ ಹೂತಿತ್ತು. ಅದೂ ಬರ್ಫದ ದೇಶದವ್ರ ಬುದ್ಧಿ. ಅಲ್ಲೆ ಗಂಟು ಚಳಿಗೆ ಸಾಯಬಾರ್ದು ಅಂತ ಹೂಳತಾರ, ನಮ್ಮಲ್ಲೆ ಅದು ಮಣ್ಣಿನಕಿಂತ ಎರಡು ಬಟ್ಟು ಮ್ಯಾಲೆ ಇರಬೇಕು. ಸದಾ ಪಸಿ ಇದ್ದ ಮಣ್ಣಾಗ ಗಂಟು ಕೊಳತಿತ್ತು. ಒಂದು ಕುಂಡಾ ಆರು ಇಂಚಿಂದು, ಅದರಾಗ ತುಳಸಿನೂ ಕಷ್ಟಪಡ್ತದ, ಗುಲಾಬಿಗೆ ಹನ್ನೆರಡು ಇಂಚರೆ ಬೇಕು. ಎಂಟನೇದು ಹಸರಿದ್ದು, ಅದು ಆಳೆತ್ತರ ಬೆಳದಿತ್ತು, ಒಂದು ಮೊಗ್ಗಿಲ್ಲ. ಬಡ್ಡಿ ಕೆದರಿ ನೋಡಿದ್ರ ಆ ಟೊಂಗಿ ಹುಟ್ಟಿದ್ದು ಗಂಟಿನ ಕೆಳಗ. ಮ್ಯಾಲಿನ ಛಲೋ ಗುಲಾಬಿ ಯಾವಾಗೋ ಸತ್ತು, ಕೆಳಗಿನ ಕಾಡುಗುಲಾಬಿ ಬೆಳದಿತ್ತು. ಏಳು ಎಲಿ ಇದ್ರ ಕಾಡು, ಐದಿದ್ರ ಛಲೋ ಅಂತ ನಮ್ಮ ಕಡೆ ಹೇಳ್ತಾರಲ್ಲಾ, ಅದನ್ನ ಪೂರಾ ನಂಬಬ್ಯಾಡ್ರಿ. ಛಲೋ ಗುಲಾಬಿಗೂ ಕೆಲವೊಮ್ಮೆ ಏಳು ಬರ್ತಾವ. ಟೊಂಗಿ ಎಲ್ಲಿಂದ ಹುಟ್ಟೇದ ಅದನ್ನ ನೋಡ್ರಿ. ಗಂಟಿನ ಕೆಳಗಿಂದ ಬಂದ್ರ ಕತ್ತರಿ ಬ್ಯಾಡ, ಬುಡದಿಂದ ಕಿತ್ತು ತಗೀರಿ.

ಬಿಸಲು ಎಷ್ಟು ಹೊತ್ತು ಬರ್ತದ ಅಂತ ಮರುದಿನ ಕೂತು ನೋಡಿದೆ. ಏಳಕ್ಕ ಬಂತು, ಹತ್ತಕ್ಕ ಎದರಿನ ಕಟ್ಟಡದ ನೆರಳು ಬಿತ್ತು. ಮೂರು ತಾಸು. ಗುಲಾಬಿಗೆ ಆರು ತಾಸು ಬೇಕು. ಮತ್ತ ಅಕಿ ಕೆಲಸದಿಂದ ಬಂದು ರಾತ್ರಿ ಒಂಬತ್ತಕ್ಕ ಝಾರಿಲೆ ಎಲಿ ಮ್ಯಾಲೆ ನೀರು ಹೊಡೀತಿದ್ಲು, ಗಿಡಾನೂ ತಂಪಾಗಲಿ ಅಂತ. ರಾತ್ರಿಪೂರ್ತಿ ಎಲಿ ಒದ್ದಿ ಇದ್ರ ಕರೀ ಚುಕ್ಕಿ ರೋಗ ಬಂದು ಎಲಿ ಹಳದಿಯಾಗಿ ಉದರತಾವ. ಮುಂಜಾನೆ, ಬರೇ ಬಡ್ಡಿಗೆ ಹಾಕಬೇಕು.

ಇನ್ನ ಆ ಎಂಟರಾಗ ಎರಡು ನೀಲಿ ಗುಲಾಬಿ ಅಂತ, ಒಂದು ಏಳು ಬಣ್ಣದ್ದು ಅಂತ ಫೋನಿನಾಗ ಚಿತ್ರ ತೋರಿಸಿ ಮಾರಿದ್ದು. ಕೇಳ್ರಿ, ಮುಗಲಿನ ಬಣ್ಣದ ನೀಲಿ ಗುಲಾಬಿ ಗಿಡಾ ಲೋಕದಾಗ ಎಲ್ಲೂ ಇಲ್ಲ. ಜಪಾನದವ್ರು ವರ್ಷಗಟ್ಟಲೆ ಕೂತು ಮಾಡಿದ್ದೂ ಕಡೀಗೆ ನೇರಳಿ ಬಣ್ಣಾನ ಆಗೇದ. ಅಂಗಡ್ಯಾಗ ಕಾಣೂ ನೀಲಿ, ಏಳು ಬಣ್ಣದ್ದು ಎಲ್ಲಾ ಬಿಳೀ ಹೂವಿಗೆ ಬಣ್ಣದ ನೀರು ಕುಡಿಸಿದ್ದು. ನಿಮ್ಮ ಮಕ್ಕಳಿಗೂ ಹೇಳ್ರಿ, ರೊಕ್ಕಾ ಉಳೀತದ.

ಎಲ್ಲಾ ಎಣಿಸಿದ್ರ ಉಂಡಿ, ಗಂಟು, ಕುಂಡಾ, ಬಿಸಲು, ನೀರು, ಸುಳ್ಳು ಚಿತ್ರ. ಇದರಾಗ ಅಕಿ ಕೈ ಎಲ್ಲೆ ಬಂತು? ನಾ ಹಂಗ ಕೇಳಿದೆ. ಅಕಿ ಒಮ್ಮೆಲೆ ಅತ್ಲು. ಗುಲಾಬಿ ಸಲವಾಗಿ ಅಲ್ಲ ಅಂತ ಇಬ್ರಿಗೂ ಗೊತ್ತಿತ್ತು. ಅಳು ನಿಂತ ಮ್ಯಾಲೆ, "ಡಾಕ್ಟ್ರೂ ಹಿಂಗೇ ಹೇಳಿದ್ರು ಅತ್ತೆ, ನಿಮ್ಮಿಂದ ಏನೂ ತಪ್ಪಾಗಿಲ್ಲ ಅಂತ. ನಂಬಿಕೆ ಬಂದಿರ್ಲಿಲ್ಲ" ಅಂದ್ಲು. ನಾ ಎದ್ದು ಚಹಾ ಮಾಡ್ಕೊಂಡು ಬಂದೆ. ಮಣ್ಣ ಕೈಲೆನ ಕುಡದ್ವಿ.

ಅದಕ್ಕ ನನ್ನ ಅಭಿಪ್ರಾಯ ಖಡಾಖಡಿ ಬರೀತೀನಿ, ಯಾರಿಗರೆ ಸಿಟ್ಟು ಬಂದ್ರೂ ಬರ್ಲಿ. ಒಬ್ಬ ಹೆಣ್ಣಮಗಳಿಗೆ ನಿನ್ನ ಕೈಗುಣ ಸರಿ ಇಲ್ಲ ಅನ್ನೂದು ಬೈಗುಳ. ಗಿಡಕ್ಕ ಅಂದಿದ್ದು ಅಲ್ಲಿಗೇ ನಿಲ್ಲೂದಿಲ್ಲ. ಹಾಲು ಒಡದ್ರ, ಉಪ್ಪಿನಕಾಯಿಗೆ ಬೂಷ್ಟು ಬಂದ್ರ, ಹೆಪ್ಪು ಹತ್ತದಿದ್ರ, ಕಡೀಗೆ ಮಕ್ಕಳು-ಮರಿ ವಿಷಯಕ್ಕೂ ಅದ ಮಾತು ಹೋಗಿ ಕೂಡ್ತದ. ಗಂಡಸರು ಹಚ್ಚಿದ ತೆಂಗು ಸತ್ರ ಯಾರೂ ಕೈಗುಣ ಅಂದದ್ದು ನಾ ಕೇಳಿಲ್ಲ. ನೀರು ಸಾಲಲಿಲ್ಲ, ಗೆದ್ದಲಿ ತಿಂತು ಅಂತಾರ. ಗೆದ್ದಲಿ ನಮ್ಮ ಗಿಡಾನೂ ತಿಂತದ್ರೀ.

ನನ್ನ ನೆಗೆಣ್ಣಿ ಇದಕ್ಕ ಒಪ್ಪೂದಿಲ್ಲ. "ಒಂದ ಮಣ್ಣು, ಒಂದ ಗೊಬ್ಬರ, ನನ್ನಲ್ಲೆ ಬರೂದಿಲ್ಲ, ನಿನ್ನಲ್ಲೆ ಬರ್ತದ, ಅದಕ್ಕೇನಂತಿ?" ಅಂತಾಳ. ಅದಕ್ಕ ನಾ ಅನ್ನೂದು, ಅಕಿ ಅಂಗಳ ಪಶ್ಚಿಮಕ್ಕದ, ನನ್ನದು ಪೂರ್ವಕ್ಕದ. ರೂಢಿ ಅನ್ನೂದು ಒಂದದ, ಅದನ್ನ ಒಪ್ತೀನಿ. ದಿನಾ ಗಿಡದ ಮುಂದ ಹತ್ತು ನಿಮಿಷ ನಿಂತಾಕಿಗೆ ಚಿಗುರಿನ ಹೇನು ಬೇಗ ಕಾಣ್ತದ, ಡಿಸೆಂಬರ್ ತಂಪಿಗೆ ಬರೂ ಬೂದಿ ರೋಗ ಮೊದಲನೇ ಎಲ್ಯಾಗ ಕಾಣ್ತದ. ಆದ್ರ ಅದು ಕಣ್ಣಿಂದು, ಕಲಿಬಹುದಾದ್ದು. ಹುಟ್ಟಿನಿಂದ ಬರೂ ಗುಣಾ ಅಲ್ಲ.

ಕಸಿ ಗಿಡಾ ಕೆಟ್ಟವು ಅಂತ ನಾ ಹೇಳ್ಲಿಕತ್ತಿಲ್ಲ. ನೆಗೆಣ್ಣಿ ಮನ್ಯಾಗಿನ ಗ್ಲ್ಯಾಡಿಯೇಟರ್ ಕೆಂಪು ಗುಲಾಬಿ ಜನವರಿಯೊಳಗ ನೋಡ್ರಿ, ಅಂಗೈ ಅಗಲ. ಕ್ವೀನ್ ಎಲಿಜಬೆತ್, ಬಿಳೀ ಐಸ್‌ಬರ್ಗ್, ಇವೆಲ್ಲಾ ನಮ್ಮ ಕಡೆ ಹೊಂದಿಕೊಂಡು ವರ್ಷಾನುಗಟ್ಟಲೆ ಆತು. ವಾಸನಿ ಇದ್ದ ಕಡುಗೆಂಪು ಬೇಕಂದ್ರ ಗ್ರುಸ್ ಆನ್ ಟೆಪ್ಲಿಟ್ಜ್ ಅಂತ ಒಂದದ, 1897ರದ್ದು, ಹೆಸರು ಹೇಳಲಿಕ್ಕೆ ಬಾಯಿ ತಿರುಗೂದಿಲ್ಲ, ಗಿಡಾ ಮಾತ್ರ ಭಾರೀ ಗಟ್ಟಿ. ಆದ್ರ ಮೊದಲನೇ ಸಲ ಗುಲಾಬಿ ಹಚ್ಚಾಕಿ ಕಸಿ ಗಿಡಾ ತರಬಾರ್ದು ಅಂತ ನನ್ನ ಹಟ. ನಿಮ್ಮ ಓಣ್ಯಾಗ ಅಡ್ಡಾಡ್ರಿ. ಯಾರ ಮನಿ ಮುಂದ ಯಾರೂ ಆರೈಕಿ ಮಾಡದ ಗಿಡಾ ಹೂ ಬಿಟ್ಟು ನಿಂತದ ನೋಡ್ರಿ, ಅವ್ರನ್ನ ಒಂದು ಕಡ್ಡಿ ಬೇಡ್ರಿ. ಆ ಗಿಡಾ ನಿಮ್ಮ ಊರಿನ ಮಳಿ, ಬಿಸಲು, ನೀರಿನ ಉಪ್ಪು ಎಲ್ಲಾದರ ಪರೀಕ್ಷಾ ಪಾಸಾಗೇದ. ಅದಕ್ಕ ಕಸಿ ಗಂಟೂ ಇಲ್ಲ, ಕಾಡು ಟೊಂಗಿ ಕಾಟಾನೂ ಇಲ್ಲ.

ಕಡ್ಡಿ ಹೂ ಬಿಟ್ಟು ಮುಗಿದ ಟೊಂಗಿಂದು ಬೇಕು, ಪೆನ್ಸಿಲ್ ದಪ್ಪ, ಗೇಣುದ್ದ, ಮೂರ-ನಾಲ್ಕು ಕಣ್ಣಿರಬೇಕು. ಕೆಳಗ ಓರೆಯಾಗಿ ಕತ್ತರಿಸಿ, ಎರಡು ಕಣ್ಣು ಮಣ್ಣಾಗ ಹೋಗೂವಂಗ ನೆಟ್ಟು ನೆರಳಿನಾಗ ಇಡ್ರಿ. ಉಸುಕು ಬೆರಸಿದ ಮಣ್ಣಿರ್ಲಿ. ಐದಾರು ವಾರ ಹಿಡೀತದ. ಬೇರು ಬಂತೇನು ಅಂತ ಎಳದೆಳದು ನೋಡಬ್ಯಾಡ್ರಿ, ಇದೊಂದ ತಪ್ಪಿನಾಗ ಅರ್ಧಾ ಕಡ್ಡಿ ಸಾಯ್ತಾವ. ಮತ್ತ ಒಂದು ಕಡ್ಡಿ ತಗೊಂಡು ಹೋಗಬ್ಯಾಡ್ರಿ, ಐದು ತಗೊಂಡು ಹೋಗ್ರಿ. ನನ್ನಲ್ಲೇ ಐದರಾಗ ಎರಡೋ ಮೂರೋ ಹತ್ತತಾವ. ನಾ ಯಾರಿಗೂ ಹೇಳ್ತಿರಲಿಲ್ಲ ಅಷ್ಟ.

ಕೊಳ್ಳೂದ ಇದ್ರ, ಇನ್ನೇನು ವಿಶ್ವವಿದ್ಯಾಲಯದ ಕೃಷಿ ಮೇಳ ಬರ್ತದ, ಎಲ್ಲಾರೂ ಕೈತುಂಬ ಗಿಡಾ ಹಿಡಕೊಂಡು ಬರ್ತೀರಿ. ಹೂ ನೋಡೇ ತಗೋರಿ, ಯಾಕಂದ್ರ ಚೀಟಿ ಮ್ಯಾಲಿನ ಹೆಸರು ಖರೇ ಇರ್ತದನ್ನೂದೇನು ಖಾತ್ರಿ ಇಲ್ಲ. ಆದ್ರ ಮನಿಗೆ ತಂದ ದಿನಾನ ಆ ಹೂವು ಮೊಗ್ಗು ಎಲ್ಲಾ ಕತ್ತರಿಸಿ ದೇವರಿಗೆ ಏರಿಸ್ರಿ. ಜೀವಕ್ಕ ಮರಗತದ, ನನಗೂ ಮರಗತದ. ಊರು ಬದಲಿ ಮಾಡಿದ ಗಿಡಕ್ಕ ಮೊದಲ ಬೇರು ಊರಬೇಕು. ಉಂಡಿ ಇದ್ರ ಒಂದು ಬಕೆಟ್ ನೀರಾಗ ಗುಳ್ಳಿ ಬರೂದು ನಿಲ್ಲೂ ಮಟಾ ಇಟ್ಟು, ಸುತ್ತಲಿನ ಮಣ್ಣು ಮೆತ್ತಗ ಸಡಲಿಸಿ ಹಚ್ಚರಿ.

ಗೊಬ್ಬರದ ವಿಷಯಕ್ಕ ಜಗಳ ಬ್ಯಾಡ. ಎಲುಬಿನ ಪುಡಿ ಛಲೋ ಅಂತಾರ, ನಮ್ಮ ಅತ್ತಿಯವ್ರು ಅದನ್ನ ಗೇಟಿನೊಳಗ ಬಿಟ್ಟವ್ರಲ್ಲ, ನಾನೂ ತಂದಿಲ್ಲ. ತಿಪ್ಪಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಒಲೀ ಬೂದಿ ಸಿಕ್ಕರ ಚೂರು. ಶೇಂಗಾ ಹಿಂಡಿ ನೆನಿಸಿ ತಿಳಿ ನೀರು ಹಾಕಿದ್ರ ಗಿಡಾ ಕುಣೀತಾವ, ಆದ್ರ ಅದರ ನಾತಕ್ಕ ಬಾಜೂ ಮನಿ ಕಾಕೂ ಮೂರು ದಿವಸ ನನ್ನ ಕೂಡ ಮಾತಾಡಿರಲಿಲ್ಲ. ಫ್ಲ್ಯಾಟಿನವ್ರು ಆ ಸಾಹಸಕ್ಕ ಹೋಗಬ್ಯಾಡ್ರಿ.

ಸೊಸಿ ಬಾಲ್ಕನಿಗೆ ಮೂರು ತಾಸಿನ ಬಿಸಲಷ್ಟ ಅದ ಅಂದ್ನೆಲ್ಲಾ, ಅಲ್ಲೆ ಗುಲಾಬಿ ಬ್ಯಾಡ, ದಾಸವಾಳಾನೂ ಬ್ಯಾಡ ಅಂದೆ. ಅಕಿ ಕೇಳಲಿಲ್ಲ. ಗಚ್ಚಿ ಮ್ಯಾಲೆ ನೀರಿನ ಟ್ಯಾಂಕಿನ ಬಾಜೂ ಜಾಗಾ ಹುಡುಕಿ, ಸೊಸೈಟಿಯವ್ರ ಕಡೆ ಹೋಗಿ ಪರವಾನಗಿ ತಗೊಂಡ್ಲು. ಆ ಎಂಟನೇ ಕಾಡುಗುಲಾಬಿನ್ನ ಒಗೀಲಿಲ್ಲ, ಅದೂ ಮ್ಯಾಲ ಹೋಗೇದ. ಹೂವಿಲ್ಲದ ಗಿಡಾ ಯಾಕವಾ ಅಂದ್ರ, "ಅದ್ ಬದುಕಿದೆಯಲ್ಲ ಅತ್ತೆ, ಇರ್ಲಿ" ಅಂತಾಳ. ಪನ್ನೀರದ ಐದು ಕಡ್ಡಿ ಒದ್ದಿ ಅರಿವ್ಯಾಗ ಸುತ್ತಿ ಕಳಿಸಿದ್ದೆ, ಮೂರು ಹತ್ಯಾವ. ಹೋದ ವಾರ ಫೋನಿನಾಗ ತೋರಿಸಿದ್ಲು, ಒಂದರಾಗ ಶೇಂಗಾ ಕಾಳಿನಷ್ಟು ಮೊಗ್ಗು ಬಂದದ. ಚಿವುಟಿ ತಗಿ, ಇನ್ನೂ ಸಣ್ಣ ಗಿಡಾ ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ.

ನಮ್ಮ ಗಿಡಕ್ಕ ಶೀಗಿ ಹುಣ್ಣಿಮಿ ಆದ ಮೊದಲನೇ ಐತವಾರ ಕತ್ತರಿ ಹಾಕ್ತೀನಿ. ಕಡ್ಡಿ ಬೇಕಾದವ್ರು ಮುಂಜಾನೆ ಹತ್ತರೊಳಗ ಬರ್ರಿ, ಬರೂ ಮುಂದ ಒಂದು ಹಳೇ ಅರಿವಿ ತರ್ರಿ, ನನ್ನ ಕಡೆ ಇದ್ದಿದ್ದೆಲ್ಲಾ ಹೋದ ವರ್ಷನ ಖರ್ಚಾಗ್ಯಾವ. ಕುಬಸದಾಗ ಆ ಮಾತು ಅಂದವ್ರೂ ಬರ್ರಿ, ನಿಮಗೂ ಐದು ಕಡ್ಡಿ ತಗದಿಟ್ಟಿರ್ತೀನಿ.